ಹಳೆಯ ವಾಹನದ ಹೊಗೆ ಮತ್ತು ದುರಸ್ತಿಯ ಅಂದಾಜುಪಟ್ಟಿ

ವರ್ತಕರ ಹಾಗೂ ಸಣ್ಣ ಉದ್ದಿಮೆದಾರರ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ‘ವಾಹನ ದುರಸ್ತಿ’ ಖಾತೆಯಲ್ಲಿ ಪದೇ ಪದೇ ಎದುರಾಗುವ ನಮೂದೊಂದಿದೆ: ‘ಎಂಜಿನ್ ಕೆಲಸ’. ಮೂವತ್ತು, ನಲವತ್ತು ಸಾವಿರ ರೂಪಾಯಿಗಳ ಬಿಲ್ಲಿನಲ್ಲಿ ಈ ಎರಡು ಪದಗಳ ಹೊರತು ಬೇರಾವ ವಿವರವೂ ಇರುವುದಿಲ್ಲ. ಕಾರಣ ವಿಚಾರಿಸಿದರೆ ಮಾಲೀಕರಿಂದ ಬರುವ ಉತ್ತರವೂ ಅಷ್ಟೇ ಸಂಕ್ಷಿಪ್ತ. ಗಾಡಿ ಹೊಗೆ ಬಿಡುತ್ತಿತ್ತು, ಮೆಕ್ಯಾನಿಕ್ ಎಂಜಿನ್ ಇಳಿಸಬೇಕೆಂದ, ಇಳಿಸಲು ಹೇಳಿದೆವು. ಯಾವ ಬಣ್ಣದ ಹೊಗೆ, ಯಾವ ಹೊತ್ತಿನಲ್ಲಿ, ಯಾವ ವಾಸನೆಯೊಂದಿಗೆ ಎಂಬ ಪ್ರಶ್ನೆಗಳನ್ನು ಯಾರೂ ಕೇಳಿರುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಹೊಂದಾಣಿಕೆಯಾಗದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ತಳ್ಳುವ ಗುಮಾಸ್ತನಿಗೂ ಈ ‘ಎಂಜಿನ್ ಕೆಲಸ’ಕ್ಕೂ ಹೆಚ್ಚಿನ ಅಂತರವಿಲ್ಲ.

ಈ ಲೇಖಕ ವಾಣಿಜ್ಯ ಪದವೀಧರನೇ ಹೊರತು ಎಂಜಿನಿಯರನಲ್ಲ. ಆದರೆ ಪುರಾವೆಯನ್ನು ನೋಡದೆ ವೆಚ್ಚಕ್ಕೆ ಮಂಜೂರಾತಿ ನೀಡಬಾರದೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ಹಳೆಯ ವಾಹನದ ವಿಷಯದಲ್ಲಿ ಆ ಪುರಾವೆಯನ್ನು ಸೈಲೆನ್ಸರಿನ ಬಾಯಿಯೇ ಪ್ರತಿದಿನವೂ ಒದಗಿಸುತ್ತದೆ. ಅದನ್ನು ಓದಿ, ಅದಕ್ಕೆ ತಕ್ಕ ಪರೀಕ್ಷೆಯನ್ನು ಮಾಡಿಸಿ, ಆ ಬಳಿಕವೇ ಅಂದಾಜುಪಟ್ಟಿಗೆ ಸಹಿ ಹಾಕಬೇಕು; ವಾಹನವನ್ನು ಉಳಿಸಿಕೊಳ್ಳಬೇಕೇ, ಮಾರಬೇಕೇ ಎಂಬ ನಿರ್ಧಾರವೂ ಅದರ ಮೇಲೆಯೇ ನಿಲ್ಲಬೇಕು ಎಂಬುದು ನನ್ನ ವಾದ.

ನಮ್ಮ ಸದಸ್ಯರ ಅಂಗಡಿಗಳ ಮುಂದೆ ಇಂದಿಗೂ ನಿಂತಿರುವ ಮಾರುತಿ ಓಮ್ನಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 796 ಸಿ.ಸಿ. ಸಾಮರ್ಥ್ಯದ, ಮೂರು ಸಿಲಿಂಡರುಗಳ ಈ ವಾಹನ 1984ರಲ್ಲಿ ಮಾರುಕಟ್ಟೆಗೆ ಬಂದು 2019ರವರೆಗೂ ತಯಾರಾಯಿತು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು, ಹತ್ತು ಗಂಟೆಗೆ ಗೋದಾಮಿನಿಂದ ಮಾಲು ತಂದು, ಸಂಜೆ ಮನೆಯವರನ್ನು ಮದುವೆ ಛತ್ರಕ್ಕೆ ಕರೆದೊಯ್ಯುವ ಕೆಲಸವನ್ನು ಇದರಷ್ಟು ಅಗ್ಗವಾಗಿ ಮಾಡಿದ ವಾಹನ ವಿರಳ. ಇದರ ಎಂಜಿನ್ ಮುಂದಿನ ಆಸನಗಳ ಕೆಳಗಿದೆ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ವಾಸನೆಯ ವಿಷಯಕ್ಕೆ ಬಂದಾಗ ಅದು ಮುಖ್ಯವಾಗುತ್ತದೆ.

ನೀಲಿ ಹೊಗೆ: ಎಲ್ಲವೂ ಬೋರ್ ಕೆಲಸವಲ್ಲ

ಹೊಗೆಗೆ ನೀಲಿ ಛಾಯೆಯಿದ್ದು ಸುಟ್ಟ ಎಣ್ಣೆಯ ಘಾಟಿದ್ದರೆ ಎಂಜಿನ್ ಆಯಿಲ್ ದಹನಕೋಶಕ್ಕೆ ನುಗ್ಗುತ್ತಿದೆ ಎಂದರ್ಥ. ಅತಿ ಹೆಚ್ಚು ಹಣ ವ್ಯರ್ಥವಾಗುವುದು ಇಲ್ಲಿಯೇ. ಏಕೆಂದರೆ ನೀಲಿ ಹೊಗೆ ಕಂಡೊಡನೆ ಪಿಸ್ಟನ್ ರಿಂಗುಗಳು ಸವೆದಿವೆ, ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು ಎಂಬ ತೀರ್ಪು ಸಿದ್ಧವಾಗಿಬಿಡುತ್ತದೆ. ಆದರೆ ಆಯಿಲ್ ಒಳಗೆ ಹೋಗಲು ದಾರಿಗಳು ಹಲವು. ಯಾವ ದಾರಿ ಎಂಬುದನ್ನು ಹೊಗೆ ಕಾಣಿಸಿಕೊಳ್ಳುವ ಸಮಯವೇ ಬಹುಮಟ್ಟಿಗೆ ಹೇಳುತ್ತದೆ.

ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಚಾಲೂ ಮಾಡಿದಾಗ ಒಮ್ಮೆ ನೀಲಿ ಹೊಗೆ ಬಂದು, ಅರ್ಧ ನಿಮಿಷದಲ್ಲಿ ನಿಂತುಹೋದರೆ, ವಾಲ್ವ್ ಸೀಲುಗಳು ಗಟ್ಟಿಯಾಗಿ, ಮೇಲಿನ ಆಯಿಲ್ ಹನಿಹನಿಯಾಗಿ ಕೆಳಗಿಳಿದಿದೆ ಎಂದು ಊಹಿಸಬಹುದು. ಆಗುಂಬೆಯಂತಹ ಘಟ್ಟವನ್ನು ಆಕ್ಸಿಲರೇಟರಿನಿಂದ ಕಾಲು ತೆಗೆದು, ಗೇರಿನ ಹಿಡಿತದಲ್ಲಿಯೇ ಇಳಿದು, ಕೆಳಗೆ ಮತ್ತೆ ಕಾಲಿಟ್ಟಾಗ ಹಿಂದೆ ನೀಲಿ ಮೋಡವೆದ್ದರೂ ಸಂಶಯ ವಾಲ್ವ್ ಸೀಲು ಮತ್ತು ಗೈಡುಗಳ ಮೇಲೆಯೇ. ಆಕ್ಸಿಲರೇಟರ್ ಬಿಟ್ಟಾಗ ಉಂಟಾಗುವ ನಿರ್ವಾತ ಅಲ್ಲಿಂದ ಆಯಿಲನ್ನು ಎಳೆದುಕೊಳ್ಳುತ್ತದೆ. ಇವುಗಳಿಗೆ ಹೆಡ್ ಕೆಲಸ ಸಾಕು. ಪಿಸ್ಟನ್, ಬೋರುಗಳ ತಂಟೆಗೆ ಹೋಗಬೇಕಾಗಿಲ್ಲ. ಇದಕ್ಕೆ ಬದಲಾಗಿ ಭಾರ ಹೊತ್ತು ಏರು ಹತ್ತುವಾಗ, ವೇಗ ಹೆಚ್ಚಿಸುವಾಗಲೆಲ್ಲ ಬಿಡದೆ ನೀಲಿ ಹೊಗೆ ಬರುತ್ತಿದ್ದರೆ, ಎಳೆತವೂ ಕುಗ್ಗಿದ್ದರೆ, ಆಗ ರಿಂಗು ಮತ್ತು ಬೋರಿನ ಮಾತಿಗೆ ತೂಕ ಬರುತ್ತದೆ.

ಆದರೂ ಅದು ಇನ್ನೂ ಸಂಶಯವೇ. ಸಂಶಯವನ್ನು ಪುರಾವೆಯಾಗಿಸುವುದು ಕಂಪ್ರೆಷನ್ ಪರೀಕ್ಷೆ. ಪ್ಲಗ್ಗುಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೂ ಮಾಪಕವನ್ನಿಟ್ಟು ಒತ್ತಡವನ್ನು ಬರೆದುಕೊಳ್ಳಬೇಕು. ಬಳಿಕ ಒಂದು ಚಮಚದಷ್ಟು ಆಯಿಲನ್ನು ಪ್ಲಗ್ಗಿನ ರಂಧ್ರದಿಂದ ಹಾಕಿ ಮತ್ತೊಮ್ಮೆ ಅಳೆಯಬೇಕು. ಆಯಿಲ್ ಹಾಕಿದ ಮೇಲೆ ಅಂಕಿ ಗಮನಾರ್ಹವಾಗಿ ಏರಿದರೆ ರಿಂಗುಗಳು ಸವೆದಿವೆ. ಅಂಕಿ ಹಾಗೆಯೇ ಕೆಳಗಿದ್ದರೆ ತೊಂದರೆ ವಾಲ್ವಿನಲ್ಲಿ ಅಥವಾ ಹೆಡ್ ಗ್ಯಾಸ್ಕೆಟ್ಟಿನಲ್ಲಿದೆ. ಮಗ್ಗುಲಿನ ಎರಡು ಸಿಲಿಂಡರುಗಳು ಮಾತ್ರ ಒಟ್ಟಿಗೆ ಕೆಳಗಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಒಡೆದಿರುವ ಸಾಧ್ಯತೆ ಹೆಚ್ಚು. ಓಮ್ನಿಗಿರುವುದು ಮೂರೇ ಸಿಲಿಂಡರು. ಎರಡು ಸುತ್ತಿನ ಆರು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಡುವಂತೆ ಕೇಳುವುದು ಅತಿರೇಕದ ಬೇಡಿಕೆಯೇನಲ್ಲ. ಈ ಪರೀಕ್ಷೆಗೆ ಒಪ್ಪದೆ ಎಂಜಿನ್ ಇಳಿಸಲು ಮಾತ್ರ ಉತ್ಸಾಹ ತೋರುವ ಗ್ಯಾರೇಜಿನಿಂದ ಗಾಡಿಯನ್ನು ವಾಪಸು ತರುವುದೇ ಲೇಸು.

ಇವುಗಳಿಗೂ ಮೊದಲು ಕಾಸಿನ ಖರ್ಚಿಲ್ಲದ ಎರಡು ಸಂಗತಿಗಳನ್ನು ನೋಡಬೇಕು. ಆಯಿಲ್ ಅಳತೆಯ ಕಡ್ಡಿಯ ಮೇಲಿನ ಗೆರೆಯನ್ನು ಮೀರಿದೆಯೇ? ಅತಿಯಾಗಿ ತುಂಬಿದರೂ ಎಂಜಿನ್ ಆಯಿಲನ್ನು ಸುಡುತ್ತದೆ. ಬ್ರೀದರ್ ನಳಿಕೆ ಅಥವಾ ಅದರ ವಾಲ್ವ್ ಕಟ್ಟಿಕೊಂಡಿದೆಯೇ? ಕಟ್ಟಿಕೊಂಡರೆ ಒಳಗಿನ ಒತ್ತಡ ಆಯಿಲನ್ನು ಬೇಡದ ಕಡೆಗೆ ತಳ್ಳುತ್ತದೆ. ನನ್ನ ಕಕ್ಷಿದಾರರೊಬ್ಬರ ವ್ಯಾನಿಗೆ ಬೋರ್ ಕೆಲಸವೆಂದು ಬರೆದಿದ್ದ ಅಂದಾಜುಪಟ್ಟಿ, ಇನ್ನೊಂದು ಗ್ಯಾರೇಜಿನಲ್ಲಿ ಬ್ರೀದರ್ ನಳಿಕೆಯ ಬದಲಾವಣೆಯಲ್ಲಿ ಮುಗಿಯಿತು. ಎಲ್ಲರ ಅದೃಷ್ಟವೂ ಹಾಗಿರುವುದಿಲ್ಲ ಎಂಬುದು ನಿಜ. ಆದರೆ ನೋಡದಿದ್ದರೆ ಅದೃಷ್ಟಕ್ಕೆ ಅವಕಾಶವೇ ಇಲ್ಲ.

ಬಿಳಿ ಮತ್ತು ಕಪ್ಪು

ಬಿಳಿ ಹೊಗೆಯ ವಿಷಯದಲ್ಲಿ ಅನಗತ್ಯ ಭಯವೂ ಇದೆ, ಅಪಾಯಕಾರಿ ನಿರ್ಲಕ್ಷ್ಯವೂ ಇದೆ. ಮಲೆನಾಡಿನ ಧನುರ್ಮಾಸದ ಬೆಳಿಗ್ಗೆ ಸೈಲೆನ್ಸರಿನಿಂದ ಬರುವ ತೆಳು ಬಿಳಿ ಹಬೆ ಕೇವಲ ನೀರಾವಿ. ಎಂಜಿನ್ ಬಿಸಿಯಾದಂತೆ ಕರಗುತ್ತದೆ. ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತಿದ್ದು, ಅದಕ್ಕೆ ಒಂದು ಬಗೆಯ ಸಿಹಿ ವಾಸನೆಯಿದ್ದರೆ ಕೂಲೆಂಟ್ ಉರಿಯುತ್ತಿದೆ. ಹೊರಗೆಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುತ್ತಿರುವುದು, ರೇಡಿಯೇಟರಿನಲ್ಲಿ ಗುಳ್ಳೆಗಳೇಳುವುದು ಇದನ್ನು ಸಮರ್ಥಿಸುತ್ತವೆ. (ರೇಡಿಯೇಟರಿನ ಮುಚ್ಚಳವನ್ನು ತಣ್ಣಗಿರುವಾಗ ಮಾತ್ರ ತೆರೆಯಬೇಕೆಂದು ಹೇಳಬೇಕಾಗಿಲ್ಲವೆಂದುಕೊಂಡರೂ ಹೇಳುತ್ತಿದ್ದೇನೆ.) ಆಯಿಲ್ ಮುಚ್ಚಳದ ಒಳಬದಿಯಲ್ಲಿ ಮಜ್ಜಿಗೆಯ ಬಣ್ಣದ ಪಸೆ ಕಂಡರೆ ಗ್ಯಾಸ್ಕೆಟ್ ಹೋಗಿದೆಯೆಂದು ತೀರ್ಮಾನಿಸುವವರಿದ್ದಾರೆ. ಮಳೆಗಾಲದಲ್ಲಿ ಅಂಗಡಿಗೂ ಮನೆಗೂ ಮಾತ್ರ ಓಡಾಡುವ ಗಾಡಿಯಲ್ಲಿ ತೇವಾಂಶದಿಂದಲೇ ಅದು ಕಟ್ಟಬಹುದು. ಕೂಲೆಂಟ್ ಮಟ್ಟ ಇಳಿಯದಿದ್ದರೆ ಗಾಬರಿ ಬೇಡ. ನಿಜಕ್ಕೂ ಗ್ಯಾಸ್ಕೆಟ್ ಒಡೆದಿದ್ದರೆ ಮಾತ್ರ ಒಂದು ದಿನವೂ ಓಡಿಸಬಾರದು. ಬಿಸಿಯೇರಿ ಹೆಡ್ ಸೊಟ್ಟಗಾದ ಮೇಲೆ ಬಿಲ್ಲಿನ ಮೊತ್ತವೇ ಬೇರೆ.

ಕಪ್ಪು ಹೊಗೆ ಲೆಕ್ಕಿಗರಿಗೆ ಅತ್ಯಂತ ಸುಲಭವಾಗಿ ಅರ್ಥವಾಗುವಂಥದು, ಏಕೆಂದರೆ ಅದು ಸುಡದೆ ಹೊರಹೋಗುತ್ತಿರುವ ಹಣ. ಗಾಳಿಗಿಂತ ಪೆಟ್ರೋಲ್ ಹೆಚ್ಚಾಗಿದೆ ಎಂಬುದೇ ಅದರ ಅರ್ಥ. ಏರ್ ಫಿಲ್ಟರಿನಲ್ಲಿ ಧೂಳು ತುಂಬಿರಬಹುದು, ಚೋಕ್ ತೆರೆಯದೆ ಸಿಕ್ಕಿಕೊಂಡಿರಬಹುದು, ಕಾರ್ಬುರೇಟರಿನ ನೀಡಲ್ ವಾಲ್ವ್ ಸವೆದು ಪೆಟ್ರೋಲ್ ಉಕ್ಕುತ್ತಿರಬಹುದು. ಇಂಜೆಕ್ಷನ್ ಗಾಡಿಯಾದರೆ ಇಂಜೆಕ್ಟರ್ ಸೋರಿಕೆ ಅಥವಾ ಸೆನ್ಸರಿನ ದೋಷವಿರಬಹುದು. ಲೀಟರಿಗೆ 15 ಕಿ.ಮೀ. ಕೊಡುತ್ತಿದ್ದ ಗಾಡಿ 11ಕ್ಕೆ ಇಳಿದಿದೆ, ತಿಂಗಳಿಗೆ 1,000 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಿ. ಸುಮಾರು 67 ಲೀಟರಿನ ಜಾಗದಲ್ಲಿ 91 ಲೀಟರ್ ಖರ್ಚಾಗುತ್ತದೆ. ಲೀಟರಿಗೆ 100 ರೂಪಾಯಿ ಹಿಡಿದರೂ ತಿಂಗಳಿಗೆ 2,400, ವರ್ಷಕ್ಕೆ 29,000 ರೂಪಾಯಿಗಳ ಆಸುಪಾಸು. ಇಷ್ಟು ಹಣ ಸೋರುತ್ತಿರುವುದನ್ನು ನೋಡುತ್ತಲೇ ಒಂದು ಫಿಲ್ಟರಿನ ಬೆಲೆಗೆ ಚೌಕಾಸಿ ಮಾಡುವವರನ್ನು ನಾವೆಲ್ಲರೂ ಬಲ್ಲೆವು. ಮೇಲಾಗಿ ಹೆಚ್ಚುವರಿ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಹಾಕುತ್ತದೆ. ಇಂದಿನ ಕಪ್ಪು ಹೊಗೆ ನಾಳಿನ ನೀಲಿ ಹೊಗೆಗೆ ದಾರಿಯಾಗುವುದು ಹೀಗೆ.

ಡೀಸೆಲ್ ವಾಹನಗಳ ಬಗೆಗೆ ಎರಡೇ ಮಾತು. ಹಳೆಯ ಮಾದರಿಯ ಡೀಸೆಲ್ ಗಾಡಿ ಭಾರ ಎಳೆಯುವಾಗ ಕ್ಷಣಕಾಲ ಕಪ್ಪು ಹೊಗೆ ಬಿಡುವುದು ರೋಗವಲ್ಲ, ಎಡೆಬಿಡದೆ ಬಿಟ್ಟರೆ ನಾಝಲ್ ಮತ್ತು ಪಂಪನ್ನು ಪರೀಕ್ಷಿಸಬೇಕು. ಬೆಳಗಿನ ಬಿಳಿ ಹೊಗೆಯಲ್ಲಿ ಹಸಿ ಡೀಸೆಲಿನ ವಾಸನೆ ಕಣ್ಣುರಿಸಿದರೆ ಕೂಲೆಂಟನ್ನು ದೂಷಿಸುವ ಮೊದಲು ಹೀಟರ್ ಪ್ಲಗ್ಗುಗಳನ್ನು ನೋಡಬೇಕು.

ವಾಸನೆ ಬಂದರೆ ಕಾಯುವಂತಿಲ್ಲ

ಹೊಗೆಯನ್ನು ಕಂಡು ಗ್ಯಾರೇಜಿಗೆ ಓಡುವ ನಾವು ಪೆಟ್ರೋಲ್ ವಾಸನೆಯನ್ನು ತಿಂಗಳುಗಟ್ಟಲೆ ಸಹಿಸುತ್ತೇವೆ. ಇದು ತಲೆಕೆಳಗಾದ ಆದ್ಯತೆ. ಹೊಗೆಯಿಂದಾಗುವುದು ಬಹುಪಾಲು ಹಣದ ನಷ್ಟ. ಸೋರುವ ಪೆಟ್ರೋಲಿನಿಂದ ಗಾಡಿಯೂ ಗೋದಾಮೂ ಒಳಗಿರುವ ಕೂಲಿಯಾಳೂ ಹೋಗಬಹುದು. ಓಮ್ನಿಯಲ್ಲಿ ಎಂಜಿನ್ ಆಸನದ ಕೆಳಗಿರುವುದರಿಂದ ಅಲ್ಲಿನ ಸಣ್ಣ ಸೋರಿಕೆಯ ಆವಿಯೂ, ಮುಚ್ಚಳದ ರಬ್ಬರ್ ಅಂಚು ಸವೆದಿದ್ದರೆ ನಿಷ್ಕಾಸ ಅನಿಲವೂ ನೇರವಾಗಿ ಕುಳಿತವರ ಮೂಗಿಗೆ ಬರುತ್ತವೆ. ಆ ಅನಿಲದಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಸ್ವತಃ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಾಡಿಯಲ್ಲಿ ಕುಳಿತಾಗ ತಲೆನೋವು ಬಂದು, ಇಳಿದ ಮೇಲೆ ಹೋಗುತ್ತಿದ್ದರೆ ಅದನ್ನು ಪಿತ್ತವೆಂದು ತಳ್ಳಿಹಾಕಬಾರದು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಡಲೇಬಾರದು.

ವಾಸನೆ ಯಾವಾಗ ಬರುತ್ತದೆ ಎಂಬುದನ್ನು ಇಲ್ಲಿಯೂ ಗಮನಿಸಬೇಕು. ಟ್ಯಾಂಕ್ ತುಂಬಿಸಿದ ಮರುದಿನದವರೆಗೆ ಮಾತ್ರ ಬರುತ್ತಿದ್ದರೆ ಟ್ಯಾಂಕಿನ ಮುಚ್ಚಳದ ವಾಷರ್, ತುಂಬುವ ನಳಿಕೆಯ ಹೋಸು, ಟ್ಯಾಂಕಿನ ಮೇಲುಭಾಗದ ಬೆಸುಗೆ ಇವುಗಳನ್ನು ನೋಡಬೇಕು. ಬಿಸಿ ಎಂಜಿನ್ ನಿಲ್ಲಿಸಿದ ಕೂಡಲೇ ಬರುತ್ತಿದ್ದರೆ ಕಾರ್ಬುರೇಟರ್ ಉಕ್ಕುತ್ತಿರಬಹುದು ಅಥವಾ ಎಂಜಿನ್ ಬಳಿಯ ಹೋಸ್ ಬಿರುಕುಬಿಟ್ಟಿರಬಹುದು. ಅತ್ಯಂತ ಕಪಟಿಯಾದದ್ದು ಇನ್ನೊಂದಿದೆ. ಕಾರ್ಬುರೇಟರ್ ಇರುವ ಹಳೆಯ ಓಮ್ನಿ ಮತ್ತು ಮಾರುತಿ 800ರಲ್ಲಿ ಪೆಟ್ರೋಲ್ ಪಂಪು ಯಾಂತ್ರಿಕವಾದದ್ದು. ಅದರೊಳಗಿನ ಡಯಾಫ್ರಂ ಹರಿದರೆ ಪೆಟ್ರೋಲ್ ಹೊರಗೆ ಸೋರದೆ ಎಂಜಿನ್ ಆಯಿಲಿಗೆ ಇಳಿಯಬಹುದು. ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ, ಅಳತೆಯ ಕಡ್ಡಿಯನ್ನು ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ ಅಂದೇ ಗಾಡಿಯನ್ನು ನಿಲ್ಲಿಸಿ ಪಂಪು, ಆಯಿಲ್ ಎರಡನ್ನೂ ಬದಲಿಸಬೇಕು. ತೆಳುವಾದ ಆಯಿಲಿನಲ್ಲಿ ಓಡಿದ ಬೇರಿಂಗುಗಳು ಬಹುಕಾಲ ಬಾಳುವುದಿಲ್ಲ.

ಈಚಿನ ವರ್ಷಗಳಲ್ಲಿ ಇದಕ್ಕೆ ಹೊಸದೊಂದು ಕಾರಣ ಸೇರಿದೆ. ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಹಳೆಯ ಕಾಲದ ರಬ್ಬರ್ ಹೋಸುಗಳು, ಗ್ಯಾಸ್ಕೆಟ್ಟುಗಳು ಈ ಮಿಶ್ರಣವನ್ನು ಮನಸ್ಸಿನಲ್ಲಿಟ್ಟು ತಯಾರಾದವುಗಳಲ್ಲ. ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಬಳಕೆಯ ನಂತರ ಇಂತಹ ಭಾಗಗಳನ್ನು ಬದಲಿಸಬೇಕಾಗಬಹುದೆಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟಿನಲ್ಲಿ ಒಪ್ಪಿಕೊಂಡಿದೆ. ಆದುದರಿಂದ ಹತ್ತು ಹದಿನೈದು ವರ್ಷ ದಾಟಿದ ಗಾಡಿಯ ಪೆಟ್ರೋಲ್ ಹೋಸುಗಳೆಲ್ಲವನ್ನೂ, ವಾಸನೆ ಬರಲಿ ಬಿಡಲಿ, ಒಮ್ಮೆಗೇ ಬದಲಿಸಿಬಿಡುವುದು ವಿವೇಕ. ಹಾಗೆಂದು ಎಲ್ಲ ರೋಗಕ್ಕೂ ಎಥೆನಾಲನ್ನೇ ಹೊಣೆ ಮಾಡುವುದೂ ಸಲ್ಲದು. ಎಥೆನಾಲಿನಲ್ಲಿ ಆಮ್ಲಜನಕವಿರುವುದರಿಂದ ಹಳೆಯ ಕಾರ್ಬುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆಯೇ ಹೊರತು ದಟ್ಟವಾಗುವುದಿಲ್ಲ. ಕಪ್ಪು ಹೊಗೆಗೆ ಕಾರಣ ಎಥೆನಾಲ್ ಎಂದು ಹೇಳುವ ಮೆಕ್ಯಾನಿಕ್ ಏರ್ ಫಿಲ್ಟರನ್ನು ತೆರೆದು ನೋಡಿಲ್ಲ ಎಂದು ತಿಳಿಯಬಹುದು.

ಗ್ಯಾಸ್ ಕಿಟ್ ಅಳವಡಿಸಿದ ಗಾಡಿಗಳಲ್ಲಿ ಎಲ್‌ಪಿಜಿ ವಾಸನೆ ಬಂದರೆ ಸೋಪಿನ ನೊರೆಯಿಂದ ಜೋಡಣೆಗಳನ್ನು ಪರೀಕ್ಷಿಸಬೇಕು. ಪೆಟ್ರೋಲ್ ಆವಿ, ಎಲ್‌ಪಿಜಿ ಎರಡೂ ಗಾಳಿಗಿಂತ ಭಾರ. ಗೋದಾಮಿನ ನೆಲಮಟ್ಟದಲ್ಲಿ, ತಗ್ಗಿನಲ್ಲಿ ಅವು ಶೇಖರವಾಗುತ್ತವೆ. ಮಾಲೀಕರು ನೋಡಬೇಕಾದ ಇನ್ನೊಂದು ದಾಖಲೆ ವಿಮಾಪತ್ರ. ಹಳೆಯ ಗಾಡಿಗೆ ಏಕೆ ಹೆಚ್ಚು ಕಂತು ಎಂದು ಮೂರನೇ ವ್ಯಕ್ತಿಯ ವಿಮೆಯನ್ನಷ್ಟೇ ಮಾಡಿಸಿರುವವರು ಬಹಳ. ಬೆಂಕಿಯಿಂದ ಸ್ವಂತ ಗಾಡಿಗಾದ ನಷ್ಟಕ್ಕೆ ಆ ವಿಮೆಯಲ್ಲಿ ಒಂದು ಪೈಸೆಯೂ ದೊರೆಯದು.

ಚೀಟಿಯ ಅಂಕಿಗಳು, ಪುಸ್ತಕದ ಅಂಕಿಗಳು

ಹೊಗೆ ತಪಾಸಣೆಯ ಪ್ರಮಾಣಪತ್ರವನ್ನು ನಾವು ಪೊಲೀಸರಿಗೆ ತೋರಿಸುವ ಚೀಟಿಯೆಂದಷ್ಟೇ ಭಾವಿಸಿದ್ದೇವೆ. ಅದಿಲ್ಲದಿದ್ದರೆ ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯಂತೆ 10,000 ರೂಪಾಯಿಗಳವರೆಗೆ ದಂಡವಿರುವುದರಿಂದ ಆ ಭಾವನೆ ಸಹಜವೇ. ಆದರೆ ಪೆಟ್ರೋಲ್ ಗಾಡಿಯ ಚೀಟಿಯಲ್ಲಿ ಕಾರ್ಬನ್ ಮಾನಾಕ್ಸೈಡಿನ ಶೇಕಡಾವಾರು ಪ್ರಮಾಣವೂ ಹೈಡ್ರೋಕಾರ್ಬನ್ನಿನ ಪಿಪಿಎಂ ಅಂಕಿಯೂ ಮುದ್ರಿತವಾಗಿರುತ್ತವೆ. ಭಾರತ್ ಸ್ಟೇಜ್ 2 ಮತ್ತು 3ರ ಕಾರುಗಳಿಗೆ ಮಿತಿ ಶೇ. 0.5 ಮತ್ತು 750. ಅದಕ್ಕೂ ಹಿಂದಿನವುಗಳಿಗೆ ಶೇ. 3 ಮತ್ತು 1,500. ಮೊದಲನೆಯ ಅಂಕಿ ಏರುತ್ತಿದ್ದರೆ ಮಿಶ್ರಣ ದಟ್ಟವಾಗುತ್ತಿದೆ. ಮೊದಲನೆಯದು ಹಾಗೆಯೇ ಇದ್ದು ಎರಡನೆಯದು ಮಾತ್ರ ಏರಿದ್ದರೆ ಪೆಟ್ರೋಲ್ ಸುಡದೆ ಹೊರಹೋಗುತ್ತಿದೆ, ಅಂದರೆ ಪ್ಲಗ್ಗು, ವಯರು, ವಾಲ್ವುಗಳತ್ತ ನೋಡಬೇಕು. ಹಳೆಯ ಚೀಟಿಗಳನ್ನು ಎಸೆಯದೆ ಒಂದು ಕಡತದಲ್ಲಿಟ್ಟರೆ ಮೂರು ವರ್ಷಗಳ ತುಲನಾತ್ಮಕ ತಃಖ್ತೆಯೇ ಸಿದ್ಧವಾಗುತ್ತದೆ. ಒಂದು ಎಚ್ಚರಿಕೆ: ಈ ತಪಾಸಣೆ ಗಾಡಿ ನಿಂತಿರುವಾಗ ನಡೆಯುವಂಥದು, ನೀಲಿ ಹೊಗೆಯನ್ನು ಅದು ಅಳೆಯುವುದಿಲ್ಲ. ಆಯಿಲ್ ಸುಡುವ ಗಾಡಿಯೂ ತೇರ್ಗಡೆಯಾಗಬಹುದು.

ಇನ್ನು ದುರಸ್ತಿಯೋ ಮಾರಾಟವೋ ಎಂಬ ಪ್ರಶ್ನೆ. ನಾಲ್ಕು ಲಕ್ಷಕ್ಕೆ ಕೊಂಡ ಗಾಡಿಗೆ ವರ್ಷಕ್ಕೆ ಶೇ. 15ರಂತೆ ಇಳಿಕೆಯ ಕ್ರಮದಲ್ಲಿ ಸವಕಳಿ ಹಾಕಿದರೆ ಹದಿನೈದು ವರ್ಷಗಳ ಕೊನೆಗೆ ಪುಸ್ತಕದಲ್ಲಿ ಉಳಿಯುವುದು ಸುಮಾರು 35,000 ರೂಪಾಯಿ. ಗ್ಯಾರೇಜಿನ ಅಂದಾಜು 40,000 ಎಂದಾಗ, ಗಾಡಿಯ ಬೆಲೆಗಿಂತ ದುರಸ್ತಿಯೇ ಹೆಚ್ಚಾಯಿತಲ್ಲ ಎಂದು ಉದ್ಗರಿಸಿ ಹೊಸ ವಾಹನದ ಸಾಲಕ್ಕೆ ಅರ್ಜಿ ಹಾಕಿದವರನ್ನು ಕಂಡಿದ್ದೇನೆ. ಈ ಹೋಲಿಕೆಗೆ ಅರ್ಥವಿಲ್ಲ. ಪುಸ್ತಕದ ಮೌಲ್ಯ ಸವಕಳಿಯ ಸೂತ್ರದ ಫಲ. ಗಾಡಿ ಇನ್ನೆಷ್ಟು ದಿನ ಮಾಲು ಹೊರುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಹೋಲಿಸಬೇಕಾದದ್ದು ದುರಸ್ತಿಯ ನಂತರ ನಿರೀಕ್ಷಿಸಬಹುದಾದ ಮೂರು ನಾಲ್ಕು ವರ್ಷಗಳ ಸೇವೆಯ ವಾರ್ಷಿಕ ವೆಚ್ಚವನ್ನು, ಅದೇ ಕೆಲಸಕ್ಕೆ ಕೊಳ್ಳುವ ಇನ್ನೊಂದು ವಾಹನದ ಬಡ್ಡಿ, ಸವಕಳಿ, ವಿಮೆಗಳೊಂದಿಗೆ. ಹಳೆಯದರ ಪಾಲಿಗೆ ನೋಂದಣಿ ನವೀಕರಣವನ್ನೂ ಸೇರಿಸಬೇಕು: 15 ವರ್ಷ ದಾಟಿದ ಕಾರಿಗೆ 2022ರ ಏಪ್ರಿಲಿನಿಂದ 5,000 ರೂಪಾಯಿ ಶುಲ್ಕ, 20 ವರ್ಷ ದಾಟಿದ್ದರೆ 2025ರ ಆಗಸ್ಟಿನಿಂದ 10,000. ತಳ ತುಕ್ಕು ಹಿಡಿದು ಕರಗಿದ್ದರೆ ಮಾತ್ರ ಯಾವ ಲೆಕ್ಕವೂ ಬೇಡ. ಎಂಜಿನ್ ಚಿನ್ನದ್ದಾದರೂ ಅದನ್ನು ಹೊರುವ ಚಾಸಿ ಇರಬೇಕಲ್ಲ.

ದುರಸ್ತಿಯೆಂದು ತೀರ್ಮಾನಿಸಿದರೆ ಬಿಲ್ಲಿನಲ್ಲಿ ಬದಲಿಸಿದ ಭಾಗಗಳ ಹೆಸರು, ಸಂಖ್ಯೆ, ಕೂಲಿ ಪ್ರತ್ಯೇಕವಾಗಿರಲಿ. ಇರುವ ಎಂಜಿನ್ನನ್ನು ಸುಸ್ಥಿತಿಗೆ ತರುವ ವೆಚ್ಚ ಆಯಾ ವರ್ಷದ ರಾಜಸ್ವ ವೆಚ್ಚ. ವಿವರವಿಲ್ಲದ ‘ಎಂಜಿನ್ ಕೆಲಸ’ವನ್ನು ಹೊಸ ಎಂಜಿನ್ನಿನ ಖರೀದಿಯೆಂದು, ಬಂಡವಾಳ ವೆಚ್ಚವೆಂದು ಅಧಿಕಾರಿ ಪ್ರಶ್ನಿಸಿದರೆ ಉತ್ತರಿಸಲು ನಮ್ಮ ಬಳಿ ಕಾಗದವಿರುವುದಿಲ್ಲ. ಜಿಎಸ್‌ಟಿಯಲ್ಲಿ ಪ್ರಯಾಣಿಕರ ಕಾರೆಂದು ನೋಂದಣಿಯಾದ ಗಾಡಿಯ ದುರಸ್ತಿಗೆ ತೆತ್ತ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಸಾಮಾನ್ಯ ವರ್ತಕನಿಗೆ ದೊರೆಯದು. ಸರಕು ವಾಹನವೆಂದು ನೋಂದಣಿಯಾದ ಕಾರ್ಗೋ ಮಾದರಿಗೆ ಆ ನಿರ್ಬಂಧವಿಲ್ಲ. ನೋಂದಣಿ ಪತ್ರವನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು, ಒಂದೇ ಬಗೆಯಾಗಿ ಕಾಣುವ ಎರಡು ವ್ಯಾನುಗಳ ನಡುವೆ ಈ ವ್ಯತ್ಯಾಸವಿರುತ್ತದೆ.

ಮಾರುವುದೆಂದು ನಿಶ್ಚಯಿಸಿದವರಿಗೂ ಒಂದು ಸೂಚನೆ. ಇನ್‌ಪುಟ್ ಕ್ರೆಡಿಟ್ ಪಡೆಯದೆ ಬಳಸಿದ ಹಳೆಯ ವಾಹನವನ್ನು ನೋಂದಾಯಿತ ವರ್ತಕ ಮಾರಿದಾಗ, 2025ರ ಜನವರಿಯ ಬದಲಾವಣೆಯಂತೆ ಲಾಭಾಂಶದ ಮೇಲೆ ಮಾತ್ರ ಶೇ. 18ರ ತೆರಿಗೆಯಿದೆ. ಸವಕಳಿ ಪಡೆದಿದ್ದರೆ ಲಾಭಾಂಶವೆಂದರೆ ಮಾರಾಟದ ಬೆಲೆಯಿಂದ ಸವಕಳಿ ಕಳೆದು ಉಳಿದ ಮೌಲ್ಯವನ್ನು ಕಳೆದದ್ದು. 35,000ಕ್ಕೆ ಇಳಿದ ಗಾಡಿಯನ್ನು 60,000ಕ್ಕೆ ಮಾರಿದರೆ ತೆರಿಗೆ 25,000ದ ಮೇಲೆ, ಅಂದರೆ 4,500 ರೂಪಾಯಿ. ಕೊಳ್ಳುವವನು ಬೆಳಿಗ್ಗೆ ಬರುತ್ತೇನೆಂದರೆ ಅವನೆದುರಿಗೇ ತಣ್ಣನೆಯ ಎಂಜಿನ್ನನ್ನು ಚಾಲೂ ಮಾಡಿ ತೋರಿಸಿ, ಕಂಪ್ರೆಷನ್ ಅಂಕಿಗಳ ಚೀಟಿಯನ್ನೂ ಕೈಗೆ ಕೊಡಿ.